ಬೇಡಿಕೆಗಳನ್ನು ಬಟ್ಟೆಯ ಮೇಲೆ ಬರೆದುಕೊಡುವ ಸಾಗರದ ಅಂಗಡಿ

ಶರಾವತಿ ಮುಳುಗಡೆ ಸಂತ್ರಸ್ತರಿಗೆ ಹಕ್ಕುಪತ್ರ ನೀಡಬೇಕೆಂಬ ನಮ್ಮ ಧರಣಿಗಾಗಿ, ಸಾಗರದ ಪೇಟೆಯಲ್ಲಿ ಇಂದಿಗೂ ಕುಂಚದಿಂದಲೇ ಬರೆಯುವ ಅಂಗಡಿಯೊಂದರಲ್ಲಿ ಮೂರು ಬಟ್ಟೆ ಬ್ಯಾನರ್‌ಗಳನ್ನು ಬರೆಸಿದೆವು. ಸೀಮೆಸುಣ್ಣ ಸವರಿದ ದಾರವನ್ನು ಮೀಟಿ ಗೆರೆ ಮೂಡಿಸಿ, ಹಳದಿ ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಅಕ್ಷರಗಳು ಎರಡು ದಿನದ ಜಡಿಮಳೆಗೂ ಕದಡಲಿಲ್ಲ.

ಅದಕ್ಕಿಂತಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ಅಲ್ಲಿನ ಹಿರಿಯರ ಮಾತು. “ಧಿಕ್ಕಾರ ಸಣ್ಣದಾಗಿರಲಿ ಮಾರಾಯ್ರೇ, ಬೇಡಿಕೆ ದೊಡ್ಡದಾಗಿ ಕಾಣಬೇಕು” ಎಂದ ಅವರು, ಭೂಮಾಲೀಕರ ವಿರುದ್ಧ ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ಹಿಂದೆ ಗೇಣಿಭತ್ತ ಅಳೆಯುವ ಕೊಳಗದ ತಕರಾರು ಇದ್ದುದನ್ನು ತಮ್ಮ ಅಜ್ಜನಿಂದ ಕೇಳಿದಂತೆಯೇ ವಿವರಿಸಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದ ಆ ಹೋರಾಟದ ಗೇಣಿದಾರರಿಗೆ ಕಣದಲ್ಲಿ ಕಂಡ ಅಳತೆಯೇ ರಾಜಕೀಯವನ್ನು ಕಲಿಸಿತೆಂದು ನಾನು ನಂಬುತ್ತೇನೆ. ನಮ್ಮ ಧರಣಿಗೆ ಬಂದ ಅಜ್ಜಿಯರಿಗೂ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಡಿ ಹೋದ ಗದ್ದೆಯೇ ಮೊದಲ ಪಾಠವಾಗಿತ್ತು.

ಯಾವ ಪಕ್ಷದ, ಯಾವ ಸಂಘಟನೆಯ ಬೇಡಿಕೆಯನ್ನಾದರೂ ಬರೆದುಕೊಡುವ ಇವರು ವ್ಯಕ್ತಿನಿಂದನೆಯನ್ನು ಮಾತ್ರ ಬರೆಯುವುದಿಲ್ಲ. ಸಂವಿಧಾನದ 19ನೇ ವಿಧಿ ಕೊಟ್ಟಿರುವ ಮಾತಿನ ಮತ್ತು ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನು ಇಷ್ಟು ಜತನದಿಂದ ಕಾಣುವ ಅಂಗಡಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಒಂದು ಬ್ಯಾನರ್ ಅರ್ಧ ದಿನ ತಡವಾಯಿತು. ಮಳೆಗಾಲದಲ್ಲಿ ಬಣ್ಣ ಒಣಗಲು ಸಮಯ ಬೇಕಾಗುವುದರಿಂದ, ಧರಣಿಗೆ ನಾಲ್ಕು ದಿನ ಮೊದಲೇ ಬಟ್ಟೆ ಕೊಟ್ಟು ಬನ್ನಿ.