ಕೆಲಸ ಆದಮೇಲೆ ಕಮಿಷನ್ನೋ, ನಿಗದಿ ಫೀಸೋ?

ಬಳ್ಳಾರಿ ಸುತ್ತಿನ ಹೊಲ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಬೇಕೆಂದರೆ ಎರಡು ಥರದವರು ಸಿಗುತ್ತಾರೆ. ಒಬ್ಬರು ಅರ್ಜಿ, ಪಹಣಿ, ನಕ್ಷೆ ಜೋಡಿಸಲು ನಿಗದಿ ಫೀಸು ಹೇಳುತ್ತಾರೆ. ಡಿಸಿ ಆದೇಶ ಬರಲಿ ಬಿಡಲಿ, ಕೊಡಲೇಬೇಕು. ಇನ್ನೊಬ್ಬರು "ಆದೇಶ ಕೈಗೆ ಬಂದಮೇಲೆ ಎಕರೆಗಿಷ್ಟು ಕೊಡ್ರಿ, ಸಾಹೇಬ್ರು ನಮ್ಮೋರೇ" ಅಂತಾರೆ.

ಕೆಲಸವಾದರೆ ಫೀಸು ಅನ್ನುವುದೇ ಅಪರಾಧವಲ್ಲ. ತೊಡಕಿರುವುದು ಆ "ನಮ್ಮೋರೇ" ಅನ್ನುವಲ್ಲಿ. ಪ್ರಭಾವ ಮಾರುವ ಕರಾರು 1872ರ ಕರಾರು ಕಾಯ್ದೆಯ 23ನೇ ಕಲಮಿನಡಿ ಅನೂರ್ಜಿತ. ಕೊಟ್ಟ ಮುಂಗಡ ಕೋರ್ಟಿನಲ್ಲೂ ವಾಪಸ್ ಸಿಗುವುದು ಕಷ್ಟ. ಹಣ ಅಧಿಕಾರಿಗೆ ಲಂಚವಾಗಿ ಹೋದರೆ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಲ್ಲಿ ಕೊಟ್ಟವರಿಗೂ 7 ವರ್ಷದವರೆಗೆ ಜೈಲು. ಮಧ್ಯವರ್ತಿಗೆ 7ಎ ಕಲಂ, ಕನಿಷ್ಠ 3 ವರ್ಷ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು.

ವಕೀಲರಂತೂ ಕೇಸು ಗೆದ್ದರೆ ಪಾಲು ಎಂದು ಮಾತಾಡುವಂತೆಯೇ ಇಲ್ಲ.

ನಿಗದಿ ಫೀಸಿನವರನ್ನೇ ಹಿಡಿಯಿರಿ. ಕೆಲಸದ ಪಟ್ಟಿ ಬರೆಸಿ, ಅರ್ಜಿ ಸ್ವೀಕೃತಿ ತೋರಿಸಿದಾಗ ಅರ್ಧ ಕೊಡಿ, ರಸೀದಿ ಕೇಳಿ.