ರಂಪಣಿ ಹತ್ತಿರ ನಿಂತ ಹುಡುಗ: ಒಂದೇ ದೃಶ್ಯ, ನಾಲ್ಕು ಥರ

ದೃಶ್ಯ ಇಷ್ಟೇ. ಕಾರವಾರದ ಕಡಲತೀರದಲ್ಲಿ ರಂಪಣಿ ಎಳೆಯುತ್ತಿದ್ದಾರೆ, ಅಂದರೆ ಎರಡು ಹಗ್ಗ ಹಿಡಿದು ತುಂಬಾ ಜನ ಸೇರಿ ದಡಕ್ಕೆ ಎಳೆಯುವ ದೊಡ್ಡ ಮೀನುಬಲೆ. ಹತ್ತು ವರ್ಷದ ಹುಡುಗನೊಬ್ಬ ಖಾಲಿ ಚೀಲ ಹಿಡಿದು ಬರುತ್ತಾನೆ. ಹಗ್ಗ ಹಿಡಿದವರಲ್ಲಿ ಅವನ ದೊಡ್ಡಪ್ಪನೂ ಇದ್ದಾನೆ. ಅಪ್ಪನಿಗೂ ದೊಡ್ಡಪ್ಪನಿಗೂ ಮಾತು ಬಿಟ್ಟು ವರ್ಷವಾಗಿದೆ. ಆದರೂ ನಾಲ್ಕು ಬಂಗಡೆ ಮೀನು ಇಸ್ಕೊಂಡು ಬಾ ಅಂತ ಆಯಿ ಕಳಿಸಿದ್ದಾಳೆ. ಹುಡುಗ ಕೇಳಬೇಕು, ಕೇಳೋಕೆ ಬಾಯಿ ಬರುತ್ತಿಲ್ಲ.

ನನ್ನ ಕಿರುಚಿತ್ರದ ನಡುವಿನ ತುಣುಕು ಇದು. ಸಂಭಾಷಣೆ ಇಲ್ಲ. ಆ ಸಂಕೋಚ ನೋಡುವವರಿಗೆ ತಾಗಬೇಕು. ಕ್ಯಾಮೆರಾ ಎಲ್ಲಿಡಬೇಕು ಅಂತ ತಿಳಿಯದೆ ನವೆಂಬರಿನಲ್ಲಿ ನಾಲ್ಕು ಥರ ತೆಗೆದೆ. ಹುಡುಗನ ಪಾತ್ರ ಅಕ್ಕನ ಮಗನದು. ಸಣ್ಣ ಸೆನ್ಸರಿನ (ಬಿಂಬ ಹಿಡಿಯುವ ಚಿಪ್ಪಿನ) ಕ್ಯಾಮೆರಾ, ಸ್ವಂತದ್ದೊಂದು 35 ಎಂ.ಎಂ. ಲೆನ್ಸ್, ಬಾಡಿಗೆಗೆ ತಂದ 85. ಸಂಖ್ಯೆ ದೊಡ್ಡದಾದಷ್ಟೂ ಲೆನ್ಸ್ ದೂರದ್ದನ್ನು ಹತ್ತಿರ ತೋರಿಸುತ್ತದೆ; ನನ್ನ ಕ್ಯಾಮೆರಾದಲ್ಲಿ 35 ಹಾಕಿದರೆ ದೊಡ್ಡ ಸೆನ್ಸರಿನ 52ರ ಹಾಗೆ ಕಾಣುತ್ತದೆ.

ಮೊದಲು ಹುಡುಗನ ಕಣ್ಣನ್ನೇ ಕ್ಯಾಮೆರಾ ಮಾಡಿದೆ. ಇದಕ್ಕಿಂತ ನೇರ ದಾರಿ ಇಲ್ಲ ಅಂದುಕೊಂಡಿದ್ದೆ. ಅವನ ಕಣ್ಣಿನ ಎತ್ತರ ಅಳೆದರೆ ನಾಲ್ಕು ಅಡಿಗೆ ಸ್ವಲ್ಪ ಜಾಸ್ತಿ ಬಂತು. ಅಷ್ಟೇ ಎತ್ತರಕ್ಕೆ ಕ್ಯಾಮೆರಾ ಹಿಡಿದು ಬಗ್ಗಿಕೊಂಡು ಮರಳಲ್ಲಿ ನಡೆದೆ. ಕಂಡದ್ದು ಸೊಂಟ, ಬೆವರಿದ ಬೆನ್ನು, ಮಡಚಿ ಕಟ್ಟಿದ ಲುಂಗಿ, ಒದ್ದೆ ಹಗ್ಗ. ದೊಡ್ಡವರು ಎಷ್ಟು ಎತ್ತರ ಅಂತ ಮೊದಲ ಕ್ಷಣಕ್ಕೇ ಗೊತ್ತಾಗುತ್ತದೆ. ಅಲ್ಲಿಗೆ ಅದರ ಲಾಭ ಮುಗಿಯಿತು. ನಾವು ನಡೆಯುವಾಗ ತಲೆ ಕುಣಿದರೂ ಕಣ್ಣು ಅದನ್ನು ಸರಿಮಾಡಿಕೊಳ್ಳುತ್ತದೆ, ಲೋಕ ಕುಣಿದಂತೆ ಕಾಣುವುದಿಲ್ಲ. ಕ್ಯಾಮೆರಾಗೆ ಆ ಉಪಾಯ ಗೊತ್ತಿಲ್ಲ. ಪರದೆಯ ಮೇಲೆ ಅದು ಹುಡುಗನ ನೋಟವಾಗಲಿಲ್ಲ, ಯಾರೋ ಮೊಬೈಲಲ್ಲಿ ತೆಗೆದ ವಿಡಿಯೊ ಆಯಿತು. ಹಗ್ಗ ಎಳೆಯುವವರು ಲೆನ್ಸಿಗೇ ನೋಡಿ ನಕ್ಕದ್ದು ಬೇರೆ.

ರಾತ್ರಿ ತೋರಿಸಿದಾಗ ಅಕ್ಕನ ಮಗ ಕೇಳಿದ: "ಮಾಮಾ, ಇದ್ರಲ್ಲಿ ನಾನೆಲ್ಲಿ?" ಉತ್ತರ ಇರಲಿಲ್ಲ. 1947ರಲ್ಲಿ ಬಂದ ಹಾಲಿವುಡ್ಡಿನ 'ಲೇಡಿ ಇನ್ ದ ಲೇಕ್' ಚಿತ್ರವನ್ನು ಹೆಚ್ಚುಕಡಿಮೆ ಪೂರ್ತಿ ಪತ್ತೇದಾರನ ಕಣ್ಣಿನಿಂದಲೇ ತೆಗೆದಿದ್ದರು. ಕಥೆ ನಡೆಯುವಾಗ ಅವನ ಮುಖ ಕಾಣುವುದು ಕನ್ನಡಿಯಲ್ಲಿ ಮಾತ್ರ. ನೋಡುತ್ತಾ ನನಗೂ ಇದೇ ಅನಿಸಿತ್ತು, ಈ ಮನುಷ್ಯ ಎಲ್ಲಿ ಅಂತ. ಆಗಲೇ ಬುದ್ಧಿ ಬರಬೇಕಿತ್ತು.

ಎರಡನೆಯದು ಹಳೆಯ ದಾರಿ: ಮುಖ, ಅದು ನೋಡಿದ್ದು, ಮತ್ತೆ ಮುಖ. ರಷ್ಯಾದ ನಿರ್ದೇಶಕ ಕುಲೆಶೋವ್ ನೂರು ವರ್ಷದ ಹಿಂದೆ ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದ ಕಥೆ ಸಿನಿಮಾ ಕಲಿಯುವವರಿಗೆಲ್ಲ ಗೊತ್ತು. ಜನರಿಗೆ ಅದೇ ಮುಖದಲ್ಲಿ ಹಸಿವೂ ಕಂಡಿತು, ದುಃಖವೂ ಕಂಡಿತು. ನಾನು ಅದನ್ನೇ ನಂಬಿಕೊಂಡೆ. "ಸಂಕೋಚ ಪಡು" ಅಂದರೆ ಹುಡುಗ ಹಲ್ಲು ಕಿರಿಯುತ್ತಿದ್ದ. "ಹಗ್ಗದ ಹತ್ತಿರ ಎಷ್ಟು ಜನ ಇದ್ದಾರೆ, ಬಾಯಿ ಬಿಡದೆ ಎಣಿಸು" ಅಂದೆ. ಎಣಿಸುವ ಮುಖ ಸಂಕೋಚದ ಮುಖ ಆಗಿಬಿಟ್ಟಿತು.

ಇಲ್ಲೇ ಒಂದು ತಪ್ಪೂ ಆಯಿತು. ದೊಡ್ಡಪ್ಪನ ಶಾಟನ್ನು ನಾನು ನಿಂತುಕೊಂಡೇ ತೆಗೆದಿದ್ದೆ. ಜೋಡಿಸಿ ನೋಡಿದರೆ ಹುಡುಗ ತಲೆ ಎತ್ತಿ ನೋಡುತ್ತಾನೆ, ದೊಡ್ಡಪ್ಪ ಅವನ ಸರಿಸಮಕ್ಕೆ ಕಾಣುತ್ತಾನೆ. ಆ ನೋಟ ಹುಡುಗನದಲ್ಲ, ನನ್ನದು. ಮಾರನೇ ದಿನ ಮಂಡಿಯೂರಿ ಮತ್ತೆ ತೆಗೆದೆ.

ಇನ್ನು ಬೆಳಕಿನ ಮಾತು. ನಮ್ಮ ತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ತೆಗೆದಾಗ ಬಿಸಿಲು ದೊಡ್ಡಪ್ಪನ ಮುಖಕ್ಕೇ ಬಿತ್ತು. ಹಗ್ಗ ಹಿಡಿದೇ ತಿರುಗಿ ನೋಡಿದಾಗ ಒಳ್ಳೆಯ ಮನುಷ್ಯ ಅಂತ ಗೊತ್ತಾಗಿಬಿಡುತ್ತದೆ, ಇನ್ನು ಹೆದರೋಕೆ ಏನಿದೆ? ಸಂಜೆ ಐದೂವರೆಗೆ ಎಲ್ಲ ಉಲ್ಟಾ. ಕಡಲ ಕಡೆ ನೋಡುವ ಹುಡುಗನ ಮುಖದ ಮೇಲೆ ಹೊಂಬಣ್ಣ. ಅವನಿಗೆ ಕಾಣುವ ದೊಡ್ಡಪ್ಪ ಸೂರ್ಯನಿಗೆ ಬೆನ್ನು ಮಾಡಿದ ಕಪ್ಪು ಆಕಾರ. ತಿರುಗಿದ ಅಂತ ಗೊತ್ತಾಗುತ್ತದೆ, ನಕ್ಕನೋ ಗದರಿದನೋ ಗೊತ್ತಾಗುವುದಿಲ್ಲ. ಹುಡುಗನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇದು ನಾನು ಯೋಚಿಸಿ ಮಾಡಿದ್ದಲ್ಲ, ಬೆಳಿಗ್ಗೆಯ ಶಾಟ್ ಕೆಟ್ಟಿದ್ದಕ್ಕೆ ಸಿಕ್ಕಿದ್ದು. ಬಾಡಿಗೆ ಲೆನ್ಸಿನ ಫೋಕಸ್ ಮಾತ್ರ ಮನುಷ್ಯನನ್ನು ಬಿಟ್ಟು ಹೊಳೆಯುವ ಅಲೆಯ ಹಿಂದೆ ಓಡುತ್ತಿತ್ತು. ಕೊನೆಗೆ ಕೈಯಲ್ಲೇ ತಿರುಗಿಸಿದೆ.

ಮೂರನೆಯದು ದೂರದಿಂದ ತೆಗೆದದ್ದು, ಅದರ ಬಗ್ಗೆ ಹೆಚ್ಚು ಹೇಳೋದಿಲ್ಲ. ಗಾಳಿಮರಗಳ ಸಾಲಿನಿಂದ ಇಡೀ ತೀರ, ಎರಡು ಹಗ್ಗ, ಎರಡು ಸಾಲು ಜನ, ನಡುವೆ ಚುಕ್ಕಿಯಂಥ ಹುಡುಗ. ಕ್ಯಾಲೆಂಡರಿಗೆ ಆಗುತ್ತದೆ. ಡ್ರೋನ್ ಯಾಕೆ ಬಳಸಲಿಲ್ಲ ಅಂತ ಗೆಳೆಯ ಕೇಳಿದ. ನೌಕಾನೆಲೆ ಇರೋ ಊರಲ್ಲಿ ಆ ಸಾಹಸ ಬೇಡಪ್ಪ.

ಕೊನೆಯದು ನನ್ನನ್ನು ಗೆದ್ದಿದ್ದು: 35 ಹಾಕಿ, ಹುಡುಗನ ಭುಜದ ಎತ್ತರಕ್ಕೆ ಕ್ಯಾಮೆರಾ ಇಳಿಸಿ, ಎರಡು ಅಡಿ ಹಿಂದಿನಿಂದ ಅವನ ಜೊತೆ ನಡೆಯುವುದು. ಲೆನ್ಸಿನ ಕಿಂಡಿ ಅಗಲಕ್ಕೆ ತೆರೆದಾಗ (ಎಫ್ 1.8) ಅವನ ಕಿವಿ, ಕುತ್ತಿಗೆ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಆ ಬೆಳಕಲ್ಲಿ ಶಟರ್ ವೇಗ ಸೆಕೆಂಡಿನ 1/50 ಇಟ್ಟು ಹೀಗೆ ತೆಗೆಯೋಕೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. 2015ರ ಹಂಗೇರಿಯನ್ ಚಿತ್ರ 'ಸನ್ ಆಫ್ ಸಾಲ್' ಬಹುಪಾಲು ಹೀಗೇ ಇದೆ. 40 ಎಂ.ಎಂ. ಲೆನ್ಸ್ ನಾಯಕನ ಮುಖಕ್ಕೋ ಬೆನ್ನಿಗೋ ಅಂಟಿಕೊಂಡಿರುತ್ತದೆ, ಸುತ್ತಲಿನ ನಾಜಿ ಶಿಬಿರದ ನರಕ ಮಸುಕು. ನೋಡದೇ ಇರುವುದೂ ಒಂದು ನೋಟ ಅಂತ ನನಗೆ ತಿಳಿದದ್ದು ಅಲ್ಲಿ.

ನಮ್ಮ ಹುಡುಗನೂ ಅಷ್ಟೇ. ಅವನು ದೊಡ್ಡಪ್ಪನನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿಲ್ಲ, ಅವನನ್ನೂ ಸರಿಯಾಗಿ ನೋಡಲಾರ. ಹಗ್ಗ ಎಳೆಯುವವರ ಕೂಗು ಮಸುಕಿನ ಒಳಗಿಂದ ಬರುತ್ತದೆ. ಅವನು ನಿಂತರೆ ನಾವೂ ನಿಲ್ಲಬೇಕು. ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸುತ್ತಾನೆ, ಅಷ್ಟೇ. ಮುಖ ಕಾಣದಿದ್ದರೂ ಆ ಕುತ್ತಿಗೆ ಸಾಕಾಯಿತು. ಐದಾರು ಟೇಕಿನಲ್ಲಿ ಫೋಕಸ್ ಉಳಿದದ್ದು ಒಂದರಲ್ಲಿ ಮಾತ್ರ. ಇದರ ಕಷ್ಟ ಅದು.

ನನ್ನ ಆಯಿಗೆ ಎಲ್ಲವನ್ನೂ ತೋರಿಸಿದೆ. ಮೊದಲನೆಯದು ನೋಡಿ, "ಬಂಗಡೆ ಚಲೋ ಬಿದ್ದಿದೆ" ಅಂದಳು. ಹಿಂದಿನಿಂದ ತೆಗೆದದ್ದು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಕೇಳೋಕೆ ನಾಚಿಕೆ ಅದಕ್ಕೆ" ಅಂದಳು.

ಈಗ ಹಿಂದಿನಿಂದ ನಡೆಯುವ ಶಾಟಿನ ಕೊನೆಗೆ ಸಂಜೆಯ ಕಪ್ಪು ದೊಡ್ಡಪ್ಪನನ್ನು ಎರಡೇ ಸೆಕೆಂಡು ಸೇರಿಸಿದ್ದೇನೆ. ಹುಡುಗ ನಿಂತ ಮೇಲೆ ಮಾತ್ರ. ನಿಲ್ಲುವ ಮೊದಲೇ ಹಾಕಿ ನೋಡಿದೆ, ಕೆಡುತ್ತದೆ. ಮೀನು ಚೀಲಕ್ಕೆ ಬೀಳುವ ಶಾಟ್ ಇನ್ನೂ ಬಾಕಿ. 85 ವಾಪಸ್ ಹೋಗಿದೆ, ಅದನ್ನು 35ರಲ್ಲೇ ತೆಗೀಬೇಕು.