ದಡ ಸೇರಲು, ಹೊತ್ತು ನಡೆಯಲು: ಅಲ್ಪಾಕಾ ನಾರ್ವಾಲ್ ಪ್ಯಾಕ್‌ರಾಫ್ಟ್

ಪ್ಯಾಕ್‌ರಾಫ್ಟ್ (ಗಾಳಿ ಬಿಟ್ಟು ಮಡಚಿ ಬೆನ್ನಚೀಲದಲ್ಲಿ ಹೊರುವ ಸಣ್ಣ ದೋಣಿ) ಕೊಳ್ಳುವವರು ಮೊದಲು ಕೇಳುವುದು ಎಷ್ಟನೇ ದರ್ಜೆಯ, ಅಂದರೆ ಎಷ್ಟು ಕಷ್ಟದ, ರ‍್ಯಾಪಿಡ್‌ಗೆ (ಬಂಡೆಗಳ ನಡುವಿನ ರಭಸದ ನೀರಿಗೆ) ಇಳಿಸಬಹುದು ಎಂದು. ಹುಷಾರಾಗಿ ದಾರಿ ಆರಿಸಿಕೊಂಡು ಹೋಗುವವರು ಕೇಳಬೇಕಾದದ್ದು ಬೇರೆ: ಬೇಕೆಂದಾಗ ದಡ ಸೇರುತ್ತದೆಯೇ? ಸೇರಿದ ಮೇಲೆ ಎತ್ತಿಕೊಂಡು ನಡೆಯಲು ಆಗುತ್ತದೆಯೇ? ಅಲ್ಪಾಕಾ ರಾಫ್ಟ್ ಕಂಪನಿಯ ನಾರ್ವಾಲ್ ಮೊದಲನೆಯದರಲ್ಲಿ ಚೆನ್ನಾಗಿ ಪಾಸಾಗುತ್ತದೆ. ಎರಡನೆಯದು ನೀವು ಸಾಮಾನು ಎಲ್ಲಿ ತುಂಬುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ದೋಣಿಯ ತೂಕ ನಾಲ್ಕು ಕೆಜಿ ಆಸುಪಾಸು. ಗಾಳಿಯ ಕೊಳವೆಗೆ 210 ಡೆನಿಯರ್ ನೈಲಾನ್, ತಳಕ್ಕೆ 840 (ಡೆನಿಯರ್ ನೂಲಿನ ದಪ್ಪದ ಅಳತೆ, ಹೆಚ್ಚಿದಷ್ಟೂ ದಪ್ಪ). ತಳ ಬಂಡೆಗೆ ಉಜ್ಜಿದರೆ ಅಷ್ಟು ಚಿಂತೆಯಿಲ್ಲ, ಕೊಳವೆಗೆ ಮುರಿದ ಕೊಂಬೆ ಚುಚ್ಚದಂತೆ ನೋಡಿಕೊಳ್ಳಿ. ಗಾಳಿ ತುಂಬಲು ಪಂಪ್ ಬೇಡ. ಜೊತೆಗೆ ಬರುವ ತೆಳು ಚೀಲದಲ್ಲಿ ಗಾಳಿ ಹಿಡಿದು ಹಿಂಡಿ, ಕೊನೆಗೆ ಬಾಯಿಂದ ಊದಿ ಬಿಗಿ ಮಾಡಬೇಕು. ಹೊಸಬರು ಎಡವುವುದು ಇಲ್ಲೇ. ಬಿಸಿಲಲ್ಲಿ ಬಿಗಿಯಾಗಿದ್ದ ಕೊಳವೆ ತಣ್ಣೀರಿಗೆ ಇಳಿದ ಕೆಲವೇ ನಿಮಿಷದಲ್ಲಿ ಮೆತ್ತಗಾಗುತ್ತದೆ. ತೂತು ಬಿದ್ದಿಲ್ಲ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದೆ ಅಷ್ಟೆ. ಹೆಬ್ಬೆರಳಿಂದ ಒತ್ತಿದಾಗ ಸುಕ್ಕು ಬಿದ್ದರೆ ಮತ್ತೆ ಊದಿ. ಮೆತ್ತಗಿನ ದೋಣಿ ಅಲೆಯ ಮೇಲೆ ನಡು ಬಗ್ಗಿಸುತ್ತದೆ, ಎಷ್ಟು ಹುಟ್ಟು ಹಾಕಿದರೂ ಅಡ್ಡ ಸರಿಯುವುದಿಲ್ಲ. ಊಟಕ್ಕೆಂದು ಕಾದ ಬಂಡೆಯ ಮೇಲೆ ಎಳೆದಿಟ್ಟಾಗ ಇದರ ಉಲ್ಟಾ: ಸ್ವಲ್ಪ ಗಾಳಿ ಬಿಡಬೇಕು.

ನೀರಲ್ಲಿ ಇದು ಅಗಲ, ಗಿಡ್ಡ, ಹಗುರ. ತಿರುಗುವುದು ಸಲೀಸು, ಜಾರುವುದು ಕಡಿಮೆ. ಕಯಾಕ್‌ನಲ್ಲಿ ಎರಡು ಹುಟ್ಟಿಗೆ ಸಿಗುವ ಎಡ್ಡಿ, ಅಂದರೆ ಬಂಡೆಯ ಬೆನ್ನಿಗೆ ತಂಗಿರುವ ನೀರು, ಇಲ್ಲಿ ನಾಲ್ಕೈದು ಹುಟ್ಟು ಕೇಳುತ್ತದೆ. ಆದ್ದರಿಂದ ಸೆಳವು ದಾಟುವ ನಿರ್ಧಾರ ಬೇಗ ಆಗಬೇಕು. ತಿರುವಿನಲ್ಲಿ ಒಳದಡಕ್ಕೆ ಅಂಟಿಕೊಳ್ಳಿ. ಹೊರದಡಕ್ಕೆ ನೀರು ಗುದ್ದುತ್ತದೆ, ಬಿದ್ದ ಮರಗಳೂ ಅಲ್ಲೇ ಸಿಕ್ಕಿಕೊಳ್ಳುವುದು. ಅಂಥ ಮರ ಜರಡಿಯ ಹಾಗೆ: ನೀರು ದಾಟುತ್ತದೆ, ಮನುಷ್ಯ ದಾಟುವುದಿಲ್ಲ. ನೀರು ಮಗುಚಿ ಹಿಂದಕ್ಕೆ ಸುತ್ತುವ ಹೋಲ್‌ನಲ್ಲಿ ಹಗುರ ದೋಣಿ ಗಕ್ಕನೆ ನಿಂತುಬಿಡುತ್ತದೆ. ನಾರ್ವಾಲ್‌ನ ಉದ್ದ ಹಿಂಭಾಗ ಹಿಮ್ಮುಖವಾಗಿ ಮಗುಚುವುದನ್ನು ಕಡಿಮೆ ಮಾಡಿದೆ, ಇಲ್ಲವಾಗಿಸಿಲ್ಲ. ಮುಂದಿನ ಎಡ್ಡಿ ಕಾಣದಿದ್ದರೆ ಇಳಿದು ನಡೆದು ನೋಡಿ.

ಹೀಗೆ ಪದೇ ಪದೇ ಇಳಿದು ಹತ್ತುವವರಿಗೆ ಮೇಲ್ಹೊದಿಕೆಯ ಡೆಕ್‌ಗಿಂತ ಸೆಲ್ಫ್ ಬೇಲರ್ ಮಾದರಿಯೇ ಒಳ್ಳೆಯದು. ತಳದ ತೂತುಗಳಿಂದ ನೀರು ತಾನೇ ಹೋಗುತ್ತದೆ. ಭಾರ ಹೆಚ್ಚಾದರೆ ಮಾತ್ರ ಕೂತಲ್ಲೇ ನೀರು ನಿಲ್ಲುತ್ತದೆ. ಅಲಾಸ್ಕಾದ ಹಿಮನದಿಯ ನೀರಲ್ಲಿ ಅದಕ್ಕೆ ಡ್ರೈಸೂಟ್ (ನೀರು ಒಳಬಿಡದ ಉಡುಪು) ಬೇಕೇಬೇಕು.

ಈಗ ಕಾರ್ಗೋ ಫ್ಲೈ, ಅಂದರೆ ಕೊಳವೆಯೊಳಗೆ ಸಾಮಾನು ತುಂಬುವ ಜಿಪ್. ಎರಡೂ ಬದಿಗೆ ಸಮತೂಕ ಹಾಕಿ ಒಳಗಿನ ಚೀಲ ಬಿಗಿದರೆ ದೋಣಿ ಅಲೆಯಲ್ಲಿ ಅಲುಗುವುದಿಲ್ಲ. ಕಂಪನಿ ಇದನ್ನೇ ಹೆಮ್ಮೆಯಿಂದ ಹೇಳುತ್ತದೆ, ಸರಿಯೂ ಹೌದು. ಆದರೆ ಹದಿನೈದು ಕೆಜಿ ಒಳಗಿದ್ದರೆ ನಾಲ್ಕು ಕೆಜಿ ದೋಣಿ ಒಬ್ಬರು ಹೆಗಲಿಗೇರಿಸುವ ವಸ್ತುವಾಗಿ ಉಳಿಯುವುದಿಲ್ಲ, ಸಾಮಾನು ತೆಗೆಯಲು ಪೂರ್ತಿ ಗಾಳಿ ಬಿಡಬೇಕು. ಆಗ ಹೊತ್ತು ನಡೆಯಬೇಕಾದ ಕಡೆಯೂ 'ಇರಲಿ, ಇಳಿಸಿಬಿಡೋಣ' ಅನ್ನಿಸುತ್ತದೆ. ಹೊರುವ ಜಾಗ ಹೆಚ್ಚಿರುವ ದಾರಿಯಾದರೆ ಬೆನ್ನಚೀಲವನ್ನು ಮುಂಭಾಗಕ್ಕೆ ಕಟ್ಟಿ. ತಿರುಗುವುದು ಕೊಂಚ ನಿಧಾನ, ಬಿಚ್ಚುವುದು ಒಂದು ನಿಮಿಷ. ಎಲ್ಲಿ ತುಂಬಿದರೂ ಥ್ರೋ ಬ್ಯಾಗ್ (ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ), ಪ್ರಥಮ ಚಿಕಿತ್ಸೆ, ತೇಪೆಯ ಟೇಪ್ ಹೊರಗೇ ಇರಲಿ.

ಅಲಾಸ್ಕಾದ ಸಿಕ್ಸ್‌ಮೈಲ್ ಕ್ರೀಕ್‌ನಲ್ಲಿ ಮೂರು ಕಮರಿಗಳು: ಮೊದಲೆರಡು ನಾಲ್ಕನೇ ದರ್ಜೆ, ಮೂರನೆಯದು ಐದು. ಮೊದಲೆರಡನ್ನು ದಾಟಬಲ್ಲವರೂ ಮೂರನೆಯದಕ್ಕೆ ಮುಂಚೆ ರಸ್ತೆ ಸೇರಿಕೊಳ್ಳಬಹುದು. ನಮ್ಮ ಕಾಳಿಯಲ್ಲಿ, ಗಣೇಶಗುಡಿಯ ಕೆಳಗೆ, ನೀರಿನ ಮಟ್ಟ ಸೂಪಾ ಅಣೆಕಟ್ಟೆಯ ವಿದ್ಯುತ್ ಉತ್ಪಾದನೆಯನ್ನು ಅವಲಂಬಿಸಿದೆ. ನೀರು ಬಿಟ್ಟಾಗ ನಡುಗಡ್ಡೆಯ ಮರಗಳೇ ಜರಡಿಯಾಗುತ್ತವೆ. ಅಲ್ಲಿನ ರಾಫ್ಟಿಂಗ್ ಗೈಡ್‌ಗಳಲ್ಲಿ ಅಂದಿನ ಬಿಡುಗಡೆ ಕೇಳದೆ ಇಳಿಯಬೇಡಿ.

ಬೆಲೆ ದುಬಾರಿ, ಭಾರತಕ್ಕೆ ತರಿಸಿದರೆ ಸುಂಕ ಬೇರೆ. ಆ ದುಡ್ಡು ಉಳಿಯುವುದೂ ಹೋಗುವುದೂ ಜಿಪ್‌ನಲ್ಲಿ. ಮರಳು ಸಿಕ್ಕ ಹಲ್ಲನ್ನು ಎಳೆದಾಡಿದರೆ ಸೀಲ್ ಸವೆದು ಗಾಳಿ ಸೋರುತ್ತದೆ. ಪ್ರತಿ ಸಲ ಸಿಹಿನೀರಲ್ಲಿ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಮುಚ್ಚುವ ತುದಿಗೆ ಲೂಬ್ರಿಕೆಂಟ್ ಸವರಿ. ಎಳೆಯುವಾಗ ನೇರಕ್ಕೆ ಎಳೆಯಿರಿ, ತುದಿಯಲ್ಲಿ ಸ್ಲೈಡರ್ ಪೂರ್ತಿ ಕೂತಿದೆಯೇ ಎಂದು ಬೆರಳಿಟ್ಟು ನೋಡಿ.